ಕೆಂಪು ಹಿಡಿಯ ಬ್ರಷ್ಷು

ಅಣು ವಿದ್ಯುತ್ ಸ್ಥಾವರಕ್ಕೆ ಹೋಗುವ ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳ ಬೆಸುಗೆ ನೋಡಿ ಸಹಿ ಹಾಕುವುದು ನನ್ನ ಕೆಲಸ. ಬೆಸೆಯುವವರು ನನ್ನ ಭಾವ, ಅಕ್ಕನ ಗಂಡ. ಎಲ್ಲದರಲ್ಲೂ ಕೊಂಕು ಹುಡುಕುವ ನಾನೇ ಬಾಯಿ ಮುಚ್ಚಬೇಕು, ಅಂಥ ಕೈ ಅವರದು. ಆದರೆ ಮೊಣಕಾಲು ಕೈಕೊಟ್ಟಿವೆ. ಪೈಪಿನ ಕೆಳಗೆ ತೂರಿದರೆ ಎಬ್ಬಿಸಲು ಇಬ್ಬರು ಬೇಕು. ತರಬೇತಿ ಕೋಣೆಯಲ್ಲಿ ನಿಂತು ಕಲಿಸುವ ಜಾಗವೊಂದು ಖಾಲಿಯಿತ್ತು. ವರ್ಷವಿಡೀ ಒಂದು ಬೆಸುಗೆಯೂ ತಿರಸ್ಕಾರವಾಗದವರಿಗೆ ಮಾತ್ರ ಅದು. ಭಾವನದು ಇನ್ನೊಂದೇ ಬಾಕಿ. ಅದರ ಎಕ್ಸ್‌ರೇಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಖುಷಿಯಿಂದ ಪೆನ್ನು ತೆಗೆದೆ.

ಅಷ್ಟರಲ್ಲಿ ಭಾವ ಬಂದು ಮೇಜಿನ ಮೇಲೆ ಕೆಂಪು ಹಿಡಿಯ ಬ್ರಷ್ಷಿಟ್ಟರು.

"ಮೊನ್ನೆ ಬೆಸೆಯೋಕೆ ಮುಂಚೆ ಪೈಪಿನ ಒಳಗಡೆ ಇದ್ರಲ್ಲೇ ಉಜ್ಜಿಬಿಟ್ಟೆ ಕಣೋ. ಈಗ ನೋಡ್ಕೊಂಡೆ."

ಕೆಂಪು ಹಿಡಿಯೆಂದರೆ ಕಬ್ಬಿಣದ ತಂತಿಯ ಬ್ರಷ್ಷು. ಸ್ಟೇನ್‌ಲೆಸ್‌ಗೆ ಹಸಿರು ಹಿಡಿಯ, ಸ್ಟೇನ್‌ಲೆಸ್ ತಂತಿಯ ಬ್ರಷ್ಷೇ ಆಗಬೇಕು. ಕಬ್ಬಿಣದ ಕಣ ಅಂಟಿತೆಂದರೆ ಅಲ್ಲಿಂದಲೇ ತುಕ್ಕು ಶುರು. ಎಕ್ಸ್‌ರೇಗೆ ಅದು ಕಾಣುವುದಿಲ್ಲ. ಬೆಸೆದ ಮೇಲೆ ಒಳಗೆ ಕೈಯೂ ಹೋಗುವುದಿಲ್ಲ, ಕತ್ತರಿಸಲೇಬೇಕು.

ನನಗೆ ಕೋಪ ನೆತ್ತಿಗೇರಿತು. "ಸುಮ್ನಿರೋಕೆ ಏನ್ ಕಷ್ಟ ನಿಮಗೆ? ಯಾರು ನೋಡಿದ್ರು?"

"ನಾನು ನೋಡಿದ್ನಲ್ಲ."

"ಹೋಗಿ ಭಾವ. ನೀವು ಬಂದಿಲ್ಲ, ನಾನು ಕೇಳಿಸ್ಕೊಂಡಿಲ್ಲ."

ಅವರು ಕುಂಟುತ್ತಾ ಹೋದರು. ಆ ನಡಿಗೆ ನೋಡಿ ಸಹಿ ಹಾಕೇಬಿಡೋಣ ಎಂದುಕೊಂಡೆ. ಆದರೆ ಆ ಪೈಪಿನಲ್ಲಿ ನಲವತ್ತು ವರ್ಷ ಕುದಿನೀರು ಓಡಬೇಕು. ನಾನಾಗಲಿ ಭಾವನಾಗಲಿ ಇಲ್ಲದ ಕಾಲದಲ್ಲೂ ಅದರ ಪಕ್ಕದಲ್ಲಿ ಯಾರೋ ಕೆಲಸ ಮಾಡುತ್ತಿರುತ್ತಾರೆ. ಸಂಜೆಯವರೆಗೂ ಹಾಳೆಯನ್ನು ಮುಂದಿಟ್ಟುಕೊಂಡು ಕೂತಿದ್ದು, ಕೊನೆಗೆ "ತಿರಸ್ಕೃತ" ಎಂದು ಬರೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ದಿನದ ಬೆಸುಗೆಯನ್ನು ಹತ್ತು ನಿಮಿಷದಲ್ಲಿ ಕತ್ತರಿಸಿ ಹಾಕಿದರು.

ಸೀದಾ ಅಕ್ಕನ ಮನೆಗೆ ಹೋದೆ. ಬಾಗಿಲು ತೆಗೆದವಳ ಮುಖ ನೋಡಲಾಗಲಿಲ್ಲ.

"ಅಕ್ಕಾ, ಭಾವನಿಗೆ ಆ ಕೆಲಸ ಸಿಗಲ್ಲ. ನಾನೇ ತಪ್ಪಿಸ್ದೆ. ಸಹಿ ಹಾಕ್ಲಿಲ್ಲ."

ಬೈಗುಳಕ್ಕೆ ಕಾಯುತ್ತಾ ನಿಂತೆ. ಅವಳು ಉಸಿರು ಬಿಟ್ಟು ಒಳಗೆ ತಿರುಗಿದಳು.

"ರೀ, ಇವನು ಸಹಿ ಹಾಕಿಲ್ವಂತೆ! ಏಳಿ, ಊಟ ಮಾಡಿ."

ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಬಂದಾಗಿನಿಂದ ಒಂದು ತುತ್ತು ಮುಟ್ಟಿಲ್ಲ ಕಣೋ. ನೀನೇನಾದ್ರೂ ಸಹಿ ಹಾಕಿಬಿಟ್ರೆ ನಾಳೆ ನಿನ್ನ ಮೇಲೇ ದೂರು ಕೊಡ್ಬೇಕಾಗುತ್ತಲ್ಲ ಅಂತ."