ಬಿರುಕಿಗೆ ಅಳತೆಯಿಲ್ಲ

ಭಟ್ಕಳ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ದಿನಕರನಿಗೆ ಬೇಕಾಗಿದ್ದುದು ನಿದ್ದೆ; ಅದು ಸಿಗದಿದ್ದರೆ ಒಂದು ಚಾ. ಅಕ್ಕನ ಮನೆ ಅಂತೂ ಬೇಕಿರಲಿಲ್ಲ. ಆದರೆ ಹೋಗಬೇಕಿದ್ದುದು ಅಲ್ಲಿಗೇ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಅವನು ವಿಮಾನ ತಪಾಸಣೆ ಮಾಡುವ ಎಂಜಿನಿಯರ್. ಪಾಳಿ ಮುಗಿಸಿ, ಬಟ್ಟೆ ಬದಲಿಸಿ, ಸಿಕ್ಕ ರೈಲು ಹತ್ತಿದ್ದ. ಒರಗಿಕೊಂಡರೆ ಕಣ್ಣು ಮುಚ್ಚಬೇಕಲ್ಲ, ಇಲ್ಲ, ದಾರಿಯುದ್ದಕ್ಕೂ ರೈಲಿನ ಕಿಟಕಿಯ ಅಂಚನ್ನೇ ನೋಡುತ್ತ ಬಂದ. ಆ ಕೆಲಸ ಮಾಡಿದವರಿಗೆ ಹತ್ತುವ ರೋಗ ಅದು. ಮದುವೆಮನೆಗೆ ಹೋದರೂ ಕಣ್ಣು ಸಡಿಲ ಸ್ಕ್ರೂ ಹುಡುಕುತ್ತದೆ.

ಅಕ್ಕನ ಊರು ತೆಂಗಿನಗುಂಡಿಗೆ ಸಿಕ್ಕಿದ್ದು ಕುಪ್ಪನ ರಿಕ್ಷಾ. ಕುಪ್ಪನಿಗೆ ಊರಿನ ಸುದ್ದಿ ಊರಿಗಿಂತ ಮೊದಲೇ ಗೊತ್ತು. ವಿಮಾನ ನಿಲ್ಲಿಸಿದ ಮನುಷ್ಯ ನೀನೇ ಹೌದೋ ಎಂದು ಕೇಳಿ, ಉತ್ತರಕ್ಕೆ ಕಾಯದೆ ತನ್ನ ಗಾಡಿಯ ಮುಂದಿನ ಗಾಜು ತೋರಿಸಿದ.

“ಮೂರು ಮಳೆಗಾಲ ಆತು ಇದು ಒಡೆದು. ಮೇಲೊಂದು ದೇವ್ರ ಸ್ಟಿಕ್ಕರ್ ಹಚ್ಚಿದೆ. ಜಾಲಿಗೂ ಹೋಗ್ತದೆ, ಹೊನ್ನಾವರಕ್ಕೂ ಹೋಗ್ತದೆ. ನಿಮ್ಮ ಕಂಪನಿಲಿ ಸ್ಟಿಕ್ಕರ್ ಇಲ್ವಾ ಮಾರಾಯಾ?”

ದಿನಕರ ನಕ್ಕ. ನಗುವುದು ಸುಲಭವಿತ್ತು. ವಿಮಾನ ಮೇಲೆ ಹೋದ ಹಾಗೆ ಹೊರಗಿನ ಗಾಳಿ ತೆಳುವಾಗುತ್ತದೆ, ಒಳಗಿನ ಗಾಳಿ ದಾರಿಯುದ್ದಕ್ಕೂ ಕಿಟಕಿಯ ಗಾಜನ್ನು ಹೊರಕ್ಕೆ ನೂಕುತ್ತಲೇ ಇರುತ್ತದೆ ಎಂದೆಲ್ಲ ಹೇಳುವಷ್ಟು ಉಸಿರು ಅವನಲ್ಲಿ ಇರಲಿಲ್ಲ.

ಆದದ್ದು ಇಷ್ಟು. ಅಕ್ಕ ಗಂಗೆಯ ಗಂಡ ನಾಗೇಶ ಮಸ್ಕತ್ತಿನ ಒಂದು ಕ್ಯಾಂಟೀನಿನಲ್ಲಿ ಅಡುಗೆಯವ. ತಾಯಿ ಸಣ್ಣಮ್ಮನ ಸೊಂಟದ ಆಪರೇಷನ್ನಿಗೆಂದು ಊರಿಗೆ ಬಂದವ, ಮುದುಕಿ ಗೋಡೆ ಹಿಡಿಯದೆ ನಡೆಯಲಿ, ಆಮೇಲೆ ಹೊರಟರಾಯಿತು ಎಂದು ದಿನ ದೂಡಿದ. ಆರು ತಿಂಗಳು ಮೀರಿ ಹೊರಗಿದ್ದರೆ ವೀಸಾ ರದ್ದು, ಅದು ಅಲ್ಲಿಯ ಕಾನೂನು. ಕಡೆಯ ದಿನದ ವಿಮಾನಕ್ಕೆ ಟಿಕೆಟ್ ಮಾಡಿಸಿಕೊಟ್ಟವ ದಿನಕರನೇ. ಗಂಗೆ ಹೆದರಿದಾಗ, ಅಲ್ಲಿ ಡ್ಯೂಟಿಲಿ ನಾನೇ ಇರುತ್ತೇನೆ, ಎಂತಕ್ಕೆ ಹೆದರಿಕೆ ಎಂದವನೂ ಅವನೇ.

ಆ ಸಂಜೆ ವಿಮಾನದ ಸುತ್ತ ನೋಡುತ್ತ ಬರುವಾಗ, ರೆಕ್ಕೆಯ ಹಿಂದಿನ ಒಂದು ಕಿಟಕಿಯ ಹೊರಗಾಜಿನ ಅಂಚಿನಲ್ಲಿ ಟಾರ್ಚಿನ ಬೆಳಕು ಮುರಿದು ಹೊಳೆಯಿತು. ಕೂದಲೆಳೆಯಷ್ಟು. ಗಾಜು ಅನ್ನುವುದು ಬಾಯಿಮಾತಿಗೆ, ನಿಜವಾಗಿ ಅದು ದಪ್ಪ ಪ್ಲಾಸ್ಟಿಕ್ಕು. ಅದರ ಮೇಲಿನ ಗೀರಿಗೆ ಪುಸ್ತಕದಲ್ಲಿ ಅಳತೆ ಕೊಟ್ಟಿದ್ದಾರೆ. ಇಂತಿಷ್ಟು ಆಳದೊಳಗಿದ್ದರೆ ಬರೆದಿಟ್ಟುಕೊಂಡು ವಿಮಾನ ಬಿಡಬಹುದು. ಬಿರುಕಿಗೆ ಅಳತೆಯೇ ಇಲ್ಲ. ಗಾಜು ಬದಲಿಸದೆ ಜನ ಹತ್ತಿಸುವ ಹಾಗಿಲ್ಲ. ದಿನಕರ ಏಣಿ ತರಿಸಿ ಹತ್ತಿದ, ಒರೆಸಿದ, ಭೂತಗನ್ನಡಿ ಹಿಡಿದ. ಗೀರಾಗಿರಲಿ, ಗೀರಾಗಿರಲಿ ಎಂದು ಮನಸ್ಸಿನಲ್ಲೇ ಬೇಡುತ್ತ ನೋಡಿದ. ಅವನ ಮೇಲಿನವರು ಕೃಷ್ಣಾನಂದರು, ಕುಮಟೆಯ ಕಡೆಯವರು, ತಾವೂ ಹತ್ತಿ ನೋಡಿದರು. ಇಳಿದು ಬಂದು, ನಿನ್ನ ಭಾವ ಇದರಲ್ಲೇ ಹೋಗುವವನಲ್ಲವೋ ಎಂದರು. ದಿನಕರ ‘ಬಿರುಕು’ ಎಂದು ಬರೆದು ಸಹಿ ಹಾಕುವವರೆಗೂ ಪಕ್ಕದಲ್ಲೇ ನಿಂತಿದ್ದರು.

ಬದಲಿ ಗಾಜು ಮುಂಬೈಯಿಂದ ಬಂದದ್ದು ಮರುದಿನ. ನಾಗೇಶನ ದಿನ ಅಷ್ಟರೊಳಗೆ ದಾಟಿಹೋಗಿತ್ತು. ಅವತ್ತಿಗೆ ಬೇರೆ ವಿಮಾನದಲ್ಲಿ ಸೀಟೂ ಇರಲಿಲ್ಲ. ಪ್ರಯಾಣಿಕರಿಗೆ ‘ತಾಂತ್ರಿಕ ಕಾರಣ’ ಎಂದಷ್ಟೇ ಹೇಳಿದ್ದರು. ದಿನಕರ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನೇ ಅಕ್ಕನಿಗೆ ಫೋನು ಮಾಡಿ, ನಿಲ್ಲಿಸಿದ್ದು ನಾನು ಎಂದ. ಆಮೇಲೆ ಅವಳ ಫೋನು ಬರಲಿಲ್ಲ.

ಮನೆಯ ಜಗಲಿಯಲ್ಲಿ ಸಣ್ಣಮ್ಮ ಒಣಮೀನು ಹರವಿಕೊಂಡು ಕೂತಿದ್ದಳು. ಬಂದ್ಯಾ ಎಂದಳು, ಮುಖ ಎತ್ತಲಿಲ್ಲ. ಸೊಂಟ ಹೇಗಿದೆ ಅತ್ತೆ ಎಂದು ಕೇಳಿದ್ದಕ್ಕೆ, ನನ್ನ ಸೊಂಟಕ್ಕೆ ಎಂತ ಆಗಬೇಕು, ಅದಕ್ಕೆ ಹೊಸ ಕೀಲು ಹಾಕಿಸಿಕೊಂಡು ಮಗನ ಅನ್ನ ಕಳೆದೆ ಎಂದು ಮೀನಿಗೆ ಹೇಳಿದಳು. ನಾಗೇಶ ಬಂದರಿನಲ್ಲಿ ಬೋಟುಗಳಿಗೆ ಮಂಜುಗಡ್ಡೆ ತುಂಬುವ ಕೆಲಸಕ್ಕೆ ಹೋಗುತ್ತಿದ್ದಾನಂತೆ, ಊಟಕ್ಕೆ ಬರುತ್ತಾನಂತೆ.

ಒಳಗೆ ಗಂಗೆ ತಮ್ಮನಿಗೆ ಚಾ ಕೊಟ್ಟು, ಬಾಗಿಲು ಅರ್ಧ ಎಳೆದಳು. ಭಾವ ಸರಿಯಾಗಿ ಮಲಗುವುದಿಲ್ಲ ಎಂದಳು. ಕೆಲಸ ಹೋಯಿತೆಂಬುದು ಒಂದಾದರೆ, ಯಾತಕ್ಕೆ ಹೋಯಿತೆಂದು ಗೊತ್ತಾಗದ ಸಂಕಟ ಇನ್ನೊಂದು.

“ನೀ ಒಂದು ಮಾತು ಹೇಳಿಬಿಡು ತಮ್ಮಾ. ಆ ವಿಮಾನ ಹಾರಿದ್ರೆ ಗಾಜು ಒಡೆದೇ ಹೋಗ್ತಿತ್ತು, ಎಲ್ಲರೂ ಸಾಯ್ತಿದ್ರು ಹೇಳು. ಜೀವ ಉಳೀತಲ್ಲ ಅಂತಾದ್ರೂ ಅವ್ರಿಗೆ ಸಮಾಧಾನ ಆಗ್ತದೆ. ಅತ್ತೆ ಬಾಯೂ ಮುಚ್ತದೆ.”

ದಿನಕರ ಚಾ ಕುಡಿದ. ಹೇಳಬಹುದಿತ್ತು. ಕೃಷ್ಣಾನಂದರೂ ಅಲ್ಲ ಎನ್ನಲು ಇಲ್ಲಿಗೆ ಬರುವುದಿಲ್ಲ. ನಾಲ್ಕು ಶಬ್ದ ಹೇಳಿದರೆ ಅಕ್ಕನ ಮನೆಯ ಬಾಗಿಲು ಅವನಿಗೆ ಮೊದಲಿನ ಹಾಗೆ ತೆರೆದಿರುತ್ತದೆ.

ನಾಗೇಶ ಬಂದ. ಮಂಜುಗಡ್ಡೆಗೆ ಬೆರಳೆಲ್ಲ ಬಿಳಿಚಿಕೊಂಡಿದ್ದವು. ಬಾ ಎಂದ, ಕೂತ, ಉಣ್ಣತೊಡಗಿದ. ಸಾರು, ಅನ್ನ, ಹುರಿದ ಬಂಗಡೆ. ಸಣ್ಣಮ್ಮ ಬಾಗಿಲಿಗೆ ಒರಗಿ ನಿಂತಳು. ಅರ್ಧ ಊಟವಾದ ಮೇಲೆ ನಾಗೇಶ ಕೇಳಿದ.

“ಅದು ಹಾಗೇ ಹಾರಿದ್ರೆ ಎಂತ ಆಗ್ತಿತ್ತು?”

ಗಂಗೆ ಸೌಟು ಹಿಡಿದುಕೊಂಡು ತಮ್ಮನನ್ನೇ ನೋಡಿದಳು.

“ಗೊತ್ತಿಲ್ಲ ಭಾವ,” ಎಂದ ದಿನಕರ. “ಎಂತದೂ ಆಗದೆ ಇರ್ಬಹುದಿತ್ತು. ನೀವು ಮಸ್ಕತ್ತಲ್ಲಿ ಇಳಿದು ಕೆಲಸಕ್ಕೆ ಹೋಗ್ಬಹುದಿತ್ತು. ಒಂದು ಗಾಜು ಹೋದ್ರೂ ಒಳಗೆ ಇನ್ನೊಂದು ಇರ್ತದೆ.”

“ಮತ್ತೆ?”

“ಬಿರುಕು ಎಷ್ಟು ಹಾರಾಟ ತಡೀತದೆ ಅಂತ ಯಾರಿಗೂ ಗೊತ್ತಾಗೂದಿಲ್ಲ. ಅದಕ್ಕೇ ಬಿಡೂದಿಲ್ಲ. ಅಷ್ಟೇ.”

ಗಂಗೆ ಸೌಟನ್ನು ಪಾತ್ರೆಗೆ ಬಿಟ್ಟಳು. ಗೊತ್ತಿಲ್ಲದ್ದಕ್ಕೆ ನನ್ನ ಮಗನ ಹೊಟ್ಟೆ ಮೇಲೆ ಹೊಡೆದೆಯಾ ಎಂದು ಸಣ್ಣಮ್ಮ ಶುರುಮಾಡಿದಳು. ತನ್ನ ಕಾಲದಲ್ಲಿ ತೂತುಬಿದ್ದ ದೋಣಿಯಲ್ಲೂ ಜನ ಮೀನು ಹಿಡಿದು ಬರುತ್ತಿದ್ದರು, ಸಂಬಂಧ ಅಂದರೆ ಎಂತ ಅಂತ ಓದಿದವರಿಗೆ ಕಲಿಸಲಿಲ್ಲವೇ ಎಂದಳು. ದಿನಕರ ಅನ್ನ ಕಲಸುತ್ತ ಕೇಳಿದ. ಒಂದು ಹಂತದಲ್ಲಿ ಅವನ ಕೈ ಅನ್ನದಲ್ಲೇ ನಿಂತಿತು. ಕಣ್ಣು ಮುಚ್ಚಿಹೋಗಿತ್ತು.

“ಅಮ್ಮಾ, ಸಾಕು,” ಎಂದ ನಾಗೇಶ. ಮತ್ತೆ ಇವನಿಗೆ, “ಯಾವಾಗ ಮಲಗಿದ್ದು ನೀನು?”

ನೆನಪಿಲ್ಲ ಎಂದ ದಿನಕರ. ಇವತ್ತು ಮತ್ತೆ ಡ್ಯೂಟಿ ಇದೆ, ಸಂಜೆ ರೈಲಿಗೆ ಹೊರಡಬೇಕು ಎಂದ.

ನಾಗೇಶ ಅವನ ಮುಖ ನೋಡಿದ. ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ, ದವಡೆಯಲ್ಲಿ ಕಾಣುತ್ತಿತ್ತು. “ಈ ಕಣ್ಣು ಇಟ್ಕೊಂಡು ಇವತ್ತು ಇನ್ಯಾರದೋ ಕಿಟಕಿ ನೋಡ್ತ್ಯಾ? ನನ್ನ ಕೆಲಸ ಕಳೆದು ಉಳಿಸಿದ್ದನ್ನ ಹಾಳುಮಾಡ್ಬೇಡ. ಫೋನ್ ಮಾಡಿ ಬರೂದಿಲ್ಲ ಹೇಳು.”

ಹೇಳುವುದು ದಿನಕರನಿಗೆ ಕಷ್ಟವಾಯಿತು. ಆದರೂ ಹೇಳಿದ. ಆಯಿತು, ಬೇರೆಯವರನ್ನು ಹಾಕುತ್ತೇನೆ, ಮಲಗು ಎಂದರು ಕೃಷ್ಣಾನಂದರು.

ಒಳಕೋಣೆಯಲ್ಲಿ ಚಾಪೆ ಹಾಸಿಕೊಟ್ಟವಳು ಗಂಗೆ. ದಿಂಬು ಎರಡು ಇಟ್ಟಳು. ಹೊರಗೆ ನಾಗೇಶ ವೀಸಾ ಏಜೆಂಟನಿಗೆ ಫೋನು ಮಾಡುತ್ತಿದ್ದ. ಹೊಸದಕ್ಕೆ ಎಷ್ಟು ದಿನ ಎಂದು ಕೇಳುತ್ತಿದ್ದ, ಹಾಗಾದರೆ ಮಳೆಗಾಲ ಕಳೆದ ಮೇಲೇ ಎನ್ನುತ್ತಿದ್ದ. ಸಣ್ಣಮ್ಮ ಮತ್ತೆ ಏನೋ ದೊಡ್ಡದಾಗಿ ಹೇಳಹೋದಳು. ಮೆಲ್ಲಗೆ ಮಾತಾಡು, ಅವ ಮಲಗಿದ್ದಾನೆ ಎಂದ ನಾಗೇಶ. ಅಷ್ಟು ಕೇಳಿಸಿತು ದಿನಕರನಿಗೆ.