ಬೀದಿಗೆ ಬಂದ ಚೆಂಡುಹೂವು

ಜಿಲ್ಲೆಯನ್ನಾಳುವ ಹೊಕಿಮ್ ಸಾಹೇಬರು ಕೊಶ್‌ತೆರಕ್ ಮೊಹಲ್ಲಾಕ್ಕೆ ಬರುತ್ತಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮೊಹಲ್ಲಾದ ಅಧ್ಯಕ್ಷ ಎರ್ಗಶ್‌ಗೆ ಪಲಾವಿನ ತಟ್ಟೆ ಬೇಡವಾಯಿತು. ಅವನ ಕುರ್ಚಿ ಉಳಿಯುವುದೂ ಹೋಗುವುದೂ ಸಾಹೇಬರು ತಲೆಯಾಡಿಸುವುದರ ಮೇಲಿತ್ತು. ಆ ಕುರ್ಚಿ ಹೋದರೆ ಚಾಯ್‌ಖಾನೆಯಲ್ಲಿ ಅವನ ಹಳಸಲು ಜೋಕಿಗೆ ನಗುವವರು ಇಡೀ ಫರ್ಗಾನಾ ಕಣಿವೆಯಲ್ಲಿ ಒಬ್ಬರೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಪಾಪ.

ಬೀದಿ ನೋಡಿದರೆ ಬೋಳು. ಹೂವೆಲ್ಲ ಮನೆಗಳ ಹಿಂದೆ, ಮಣ್ಣಿನ ಗೋಡೆಗಳ ಒಳಗೆ: ಟೊಮೆಟೊ ಸಾಲಿನ ನಡುವೆ ಚೆಂಡುಹೂವು, ಸೌತೆ ಬಳ್ಳಿಯ ಪಕ್ಕದಲ್ಲಿ ಕಾಮಕಸ್ತೂರಿ. ಘಾಟಿಗೆ ಹುಳ ದೂರ ಇರುತ್ತದೆ, ಹೂವಿಗೆ ಜೇನು ಹತ್ತಿರ ಬರುತ್ತದೆ ಎಂದು ಅತ್ತೆಯರು ಸೊಸೆಯರಿಗೆ ಕಲಿಸುತ್ತ ಬಂದ ಕ್ರಮ ಅದು. ಸಾಹೇಬರ ಕಣ್ಣಿಗೆ ಬೀಳದ ಹೂವು ಇದ್ದರೆಷ್ಟು, ಬಿಟ್ಟರೆಷ್ಟು ಎಂದುಕೊಂಡ ಎರ್ಗಶ್, ಎಲ್ಲವನ್ನೂ ಕಿತ್ತು ಬೀದಿಗೆ ನೆಡಬೇಕೆಂದು ಅಪ್ಪಣೆ ಮಾಡಿದ.

"ರೀ, ಟೊಮೆಟೊ ಗತಿ ಏನು?" ಎಂದಳು ಹೆಂಡತಿ ಸನೋಬರ್.

"ಟೊಮೆಟೊ ನಂಗೆ ಕುರ್ಚಿ ಕೊಡುತ್ತಾ?"

"ಸರಿ ಬಿಡಿ. ಪಲಾವಿನ ಜೊತೆ ಆ ಕುರ್ಚಿನೇ ಹೆಚ್ಚಿಡ್ತೀನಿ."

ಮೊಹಲ್ಲಾದ ಜನ ಒಟ್ಟಾಗಿ ಮಾಡುವ ಹಶರ್ ಕೆಲಸಕ್ಕೆ ಒಲ್ಲೆ ಅಂದವರಿಗೆ ಅಲ್ಲಿ ಮರ್ಯಾದೆ ಇಲ್ಲ. ಎಲ್ಲರೂ ಗೊಣಗುತ್ತಲೇ ಅಗೆದು ಬೀದಿಯಲ್ಲಿ ನೆಟ್ಟರು. ಒಲ್ಲೆ ಅಂದದ್ದು ಪಕ್ಕದ ಮನೆಯ ಮುದುಕಿ ತೊಖ್ತಾ ಖಾಲಾ ಒಬ್ಬಳೇ.

"ನನ್ನ ಸೊಂಟ ಬಗ್ಗಲ್ಲಪ್ಪ."

"ನಾವು ಅಗೀತೀವಿ ಖಾಲಾ."

"ಅಗೀರಿ. ಮೊದಲು ನನ್ನ ನಾಯಿನ ಒಪ್ಸಿ."

ನಾಯಿ ಒಪ್ಪಲಿಲ್ಲ. ಈ ಮುದುಕಿ ಮೊಹಲ್ಲಾಕ್ಕೇ ಕಳಂಕ ಎಂದು ಎರ್ಗಶ್ ಚಾಯ್‌ಖಾನೆಯಲ್ಲಿ ಸಾರಿದ. ಜನ ತಲೆಯಾಡಿಸಿದರು, ಕುರ್ಚಿ ಇನ್ನೂ ಅವನ ಕೆಳಗೇ ಇತ್ತಲ್ಲ.

ಸಾಹೇಬರು ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಸೊಸೆಯರು ಬೆಳಗಾಗೆದ್ದು ಬೀದಿ ಗುಡಿಸಿ ಹೂವಿಗೆ ನೀರು ಹೊಯ್ದರು. ಜೇನುನೊಣಗಳಿಗೆ ಬೀದಿಯಲ್ಲೇ ಹಬ್ಬ. ಹಿತ್ತಲಲ್ಲಿ ಸೌತೆ ಹೂಬಿಟ್ಟು ಹೀಚಿನಲ್ಲೇ ಒಣಗಿ ಉದುರಿತು, ಟೊಮೆಟೊ ಎಲೆಯಡಿ ಗಿಡಹೇನುಗಳು ಮದುವೆಗೆ ಬಂದ ನೆಂಟರಂತೆ ಬೀಡುಬಿಟ್ಟವು.

ಬೇಸಿಗೆ ಮುಗಿಯುವ ಹೊತ್ತಿಗೆ ಸಾಹೇಬರು ಬಂದೇಬಿಟ್ಟರು. ಆದರೆ ಅವರ ಗೌರವಾರ್ಥ ಡಾಂಬರು ಹಾಕಲೆಂದು ಅದೇ ಬೀದಿಯನ್ನು ಬಂದ್ ಮಾಡಲಾಗಿತ್ತು. ಹಾಗಾಗಿ ಕಾರು ಹಿಂದಿನ ಓಣಿಗೆ ತಿರುಗಿ ನೇರ ಎರ್ಗಶ್‌ನ ಹಿತ್ತಲಿನ ಬಾಗಿಲಿಗೆ ಬಂತು.

"ಪಲಾವಿಗೆ ನಿಮ್ಮ ತೋಟದ್ದೇ ಟೊಮೆಟೊ ಆಗ್ಲಿ, ಅಧ್ಯಕ್ಷರೇ," ಎಂದರು ಸಾಹೇಬರು, ಚಾಪೆಯ ಮೇಲೆ ಕಾಲು ಮಡಿಸುತ್ತ.

ಸನೋಬರ್ ಗಂಡನ ಕೈಗೆ ಖಾಲಿ ಬಟ್ಟಲು ಕೊಟ್ಟಳು. ಎರ್ಗಶ್ ಪಕ್ಕದ ಮನೆಯ ಬಾಗಿಲಲ್ಲಿ ನಿಂತ. ಜನ್ಮದಲ್ಲಿ ಅಷ್ಟು ನಾಚಿಕೆ ಅವನಿಗೆ ಆಗಿರಲಿಲ್ಲ.

"ಕಳಂಕದ ಮನೆ ಟೊಮೆಟೊ ನಿಂಗಾಗುತ್ತಾ ಮಗಾ?" ಎಂದಳು ಖಾಲಾ. ಆದರೂ ಮನೆಗೆ ಬಂದ ಅತಿಥಿಯನ್ನು ಬರಿಬಾಯಲ್ಲಿ ಕೂರಿಸುವುದುಂಟೇ? ಬಟ್ಟಲು ತುಂಬಿಸಿ, ಕಿವಿಯ ಹಿಂದೆ ಒಂದು ಕಾಮಕಸ್ತೂರಿ ಕುಡಿ ಸಿಕ್ಕಿಸಿಕೊಂಡು ತಾನೇ ಹೊರಟುಬಂದಳು.

ಸಾಹೇಬರು ತಿಂದರು, ರಸ ಟೈ ಮೇಲೆ ಇಳಿದರೂ ತಿಂದರು. "ಏನಮ್ಮ ಇದರ ಗುಟ್ಟು?"

"ಗುಟ್ಟೇನಿದೆ ಸಾಹೇಬ್ರೇ. ತರಕಾರಿ, ಹೂವು ಜೊತೇಲಿರಬೇಕು. ಬೇರೆ ಮಾಡಿದ್ರೆ ಕೆಟ್ಟವು. ಇವರೆಲ್ಲ ಹೂವು ಕಿತ್ತು ಬೀದಿಗೆ ನೆಟ್ಟರಲ್ಲ, ಹಾಗೆ."

ಸಾಹೇಬರು ಗಾಢವಾಗಿ ಯೋಚಿಸಿದರು.

"ಭೇಷ್. ಎರ್ಗಶ್, ಹೂವು ಈಗ ಬೀದೀಲಿದೆ ತಾನೆ? ಹಾಗಾದ್ರೆ ತರಕಾರಿನೂ ಬೀದಿಗೆ ತನ್ನಿ. ನಾಳೆ ಬೀದಿ ತೆರೆದಿರುತ್ತೆ, ವಾಪಸ್ ಅದೇ ದಾರೀಲಿ ಬರ್ತೀನಿ, ಆಗ ನೋಡ್ತೀನಿ. ಇಂಥ ಕೆಲಸಕ್ಕೆ ನಿಮ್ಮಂಥ ಅಧ್ಯಕ್ಷರೇ ಬೇಕು."

ಕುರ್ಚಿ ಉಳಿಯಿತು. ಎರ್ಗಶ್‌ನ ಎದೆ ಉಬ್ಬಿತು, ಮರುಗಳಿಗೆಗೇ ಇಳಿಯಿತು. ಸಾಹೇಬರ ಕಾರು ಓಣಿ ದಾಟುತ್ತಲೇ ಸನೋಬರ್ ಗುದ್ದಲಿ ತಂದು ಅವನ ಕೈಗಿಟ್ಟಳು.

"ಹೋಗಿ. ತರಕಾರಿ ಉಳಿದಿರೋದು ಒಂದೇ ಮನೇಲಿ."

ಖಾಲಾ ಆಗಲೇ ತನ್ನ ಬಾಗಿಲಲ್ಲಿ ನಾಯಿಯ ಹಗ್ಗ ಬಿಚ್ಚುತ್ತಿದ್ದಳು. ಗುದ್ದಲಿ ಹೊತ್ತು ಬಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬರೀ ಗುದ್ದಲಿ ತಂದ್ಯಾ ಮಗಾ? ಕುರ್ಚಿನೂ ತಂದಿದ್ರೆ ಚೆನ್ನಾಗಿತ್ತು. ನಾಯಿ ಮೈಮೇಲೆ ಬಂದಾಗ ಹತ್ತಿ ನಿಲ್ಲೋಕಾದ್ರೂ ಆಗ್ತಿತ್ತು."