ಸದರಿ ಅಲ್ಲದವರು

"ಒಂದೇ ಮಾತನ್ನ ಎರಡೆರಡು ಸಲ ಎಂತಕ್ಕೆ ಕೇಳೂದು?"

ಸಂತೋಷ ಕೇಳಿದ್ದು ಯಾರನ್ನೂ ಅಲ್ಲ. ಕುಮಟಾದ ಆಚೆ, ಹೆದ್ದಾರಿಗೆ ಬೆನ್ನು ಹಾಕಿ ನಿಂತ ಮೀನು ಪ್ಯಾಕಿಂಗ್ ಶೆಡ್ಡಿನಲ್ಲಿ, ಐಸ್ ಪುಡಿ ಮಾಡುವ ಯಂತ್ರದ ಸದ್ದಿಗೆ ಆ ಮಾತು ಅವನ ಕಿವಿಗೇ ಸರಿಯಾಗಿ ಬೀಳಲಿಲ್ಲ. ಕೈಯಲ್ಲಿ ಸಮಾನತೆ ಸಮೀಕ್ಷೆಯ ಹಾಳೆ. ಮೀನು ಕೊಳ್ಳುವ ಹೊರದೇಶದವರಿಗೆ ಇಲ್ಲಿ ಎಂಥೆಂಥವರು ಕೆಲಸಕ್ಕಿದ್ದಾರೆಂದು ತಿಳಿಯಬೇಕಂತೆ. ಹೆಸರು ಬರೆಯುವುದು ಬೇಡ. ಮೇಲಿನ ಸಾಲು: ಹುಟ್ಟಿದಾಗಿನ ಲಿಂಗ. ಕೆಳಗಿನ ಸಾಲು: ಈಗಿನ ಲಿಂಗ.

"ಲಿಂಗ ಗೋಕರ್ಣದಲ್ಲಿ ಉಂಟು ಅಂತ ಬರೀಲಾ?" ಎಂದಳು ಸಿಗಡಿ ಸುಲಿಯುತ್ತಿದ್ದ ಮಾಸ್ತಮ್ಮ. ಸಾಲಾಗಿ ಕುಳಿತ ಹೆಂಗಸರೆಲ್ಲ ನಕ್ಕರು.

ಗುಮಾಸ್ತ ದೇವಪ್ಪ ಮೊದಲು ಸರಕಾರಿ ಕಚೇರಿಯಲ್ಲಿದ್ದವನು. ಕಾಗದದ ಭಾಷೆ ಅವನ ನಾಲಗೆಗೆ ಅಂಟಿಕೊಂಡಿತ್ತು. "ತಲೆ ಕೆಡಿಸ್ಕಣಬೇಡಿ. ಮೇಲೆ ಗಂಡೋ ಹೆಣ್ಣೋ ಬರೀರಿ. ಕೆಳಗೆ ಸದರಿ ಅಂತ ಬರೀರಿ. ಮೇಲೆ ಹೇಳಿದ್ದೇ ಇಲ್ಲೂ ಅಂತ ಅರ್ಥ. ಆತಲ?"

ಎಲ್ಲರೂ ಸದರಿ ಎಂದು ಬರೆದರು. ಬರೆಯಲು ಬಾರದವರಿಗೆ ದೇವಪ್ಪನೇ ಬರೆದುಕೊಟ್ಟ.

ಸಂತೋಷನ ಪೆನ್ನು ಮಾತ್ರ ನಿಂತುಬಿಟ್ಟಿತು. ಬೆಳಕೆ ಎಂಬ ಊರಲ್ಲಿ ಹುಟ್ಟಿದಾಗ ಅವನಿಗೆ ಇಟ್ಟ ಹೆಸರು ಮಂಗಲಾ. ಆ ಹೆಸರನ್ನೂ ಆ ಊರನ್ನೂ ಬಿಟ್ಟು ಬಂದದ್ದು ಇಲ್ಲಿ ಯಾರಿಗೂ ಗೊತ್ತಿಲ್ಲ. ಇಲ್ಲಿ ಮಾಸ್ತಮ್ಮ ಅವನನ್ನು ಸ್ವಂತ ತಮ್ಮನೆಂಬಂತೆ "ತಮಾ" ಎಂದು ಕರೆಯುತ್ತಾಳೆ. ಆ ಎರಡಕ್ಷರ ಕಿವಿಗೆ ಬಿದ್ದ ದಿನ ಅನ್ನ ರುಚಿಸುತ್ತದೆ.

ಅಜ್ಜಿ ಮುಸ್ಸಂಜೆ ದೀಪದೆದುರು ಹಾಡಿಕೊಳ್ಳುತ್ತಿದ್ದ ಪದಗಳಲ್ಲಿ, ಒಂದು ಸಾಲಿನಲ್ಲಿ ದೇವರು ತಾಯಿ, ಮುಂದಿನ ಸಾಲಿನಲ್ಲಿ ಅದೇ ದೇವರು ತಂದೆ. ಮಡಿಲ ಪಕ್ಕ ಕೇಳುತ್ತ ಕುಳಿತ ಮಗುವಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಎರಡನೆಯ ಸಾಲನ್ನು ಸದರಿ ಎಂದು ಮುಗಿಸಿದವಳಲ್ಲ ಅಜ್ಜಿ.

ಹುಟ್ಟಿದ್ದನ್ನೂ ಇರುವುದನ್ನೂ ಬೇರೆ ಬೇರೆಯಾಗಿ ಕೇಳಿದವರು ಇವರೇ ಮೊದಲು. ಹೆಸರಂತೂ ಇಲ್ಲವಲ್ಲ. ಮೇಲೆ ಹೆಣ್ಣು ಎಂದು ಬರೆದ. ಕೆಳಗೆ ಗಂಡು ಎಂದು ಬರೆದ. ಹಾಳೆಯನ್ನು ಡಬ್ಬಿಗೆ ಹಾಕಿ ಬಂದು ಕ್ರೇಟು ಎತ್ತಿದರೆ, ಅದು ಖಾಲಿಯೇನೋ ಅನ್ನುವಷ್ಟು ಹಗುರ.

ಮುಂದಿನ ವಾರ ಗೋಡೆಯ ಮೇಲೆ ಫಲಿತಾಂಶ ಅಂಟಿಸಿದರು. ಗಂಡಸರೆಷ್ಟು, ಹೆಂಗಸರೆಷ್ಟು, ಕೊನೆಗೆ ಹೀಗೆ: ಎರಡು ಸಾಲೂ ಬೇರೆ ಬೇರೆ ಇರುವವರು, ಒಬ್ಬರು.

"ಯಾರಾ ಅದು, ಸದರಿ ಅಲ್ಲದ್ದು?"

"ನಿನ್ನ ಮೀಸೆ ಬಂದದ್ದೋ ಅಂಟಿಸಿದ್ದೋ, ಎಳೆದು ನೋಡ್ವ ತಾ!"

ದೇವಪ್ಪ ಪತ್ತೆ ಮಾಡಿದವನ ಗತ್ತಿನಲ್ಲಿ ಹೇಳಿದ. "ನಾ ಎಲ್ಲರಿಗೂ ಸದರಿ ಬರೀರಿ ಅಂದಿದ್ದೆ. ಆ ಹೊತ್ತಿಗೆ ಇಲ್ಲಿ ಇಲ್ಲದವ ಒಬ್ಬನೇ. ತಿಮ್ಮಪ್ಪ. ಮೀನು ತರೂಕೆ ಬಂದರಿಗೆ ಹೋಗಿದ್ದ. ಬಂದ ಮೇಲೆ ತನ್ನಷ್ಟಕ್ಕೇ ಬರ್ದು ಹಾಕ್ದ."

ಅಲ್ಲಿಗೆ ತೀರ್ಮಾನವಾಯಿತು. ಸಂಜೆಯೊಳಗೆ ತಿಮ್ಮಪ್ಪ "ತಿಮ್ಮಕ್ಕ"ನಾದ. ಅವನು ಸಂತೋಷನ ಜೊತೆ ಒಂದೇ ಕೋಣೆಯಲ್ಲಿದ್ದವನು. ಅಘನಾಶಿನಿಯ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ಮಾತು ಆ ಊರು ಮುಟ್ಟಲು ತಡವಾಗಲಿಲ್ಲ. ಹುಡುಗಿಯ ಸೋದರಮಾವ ಫೋನು ಮಾಡಿ, ಡಾಕ್ಟರ ಚೀಟಿ ತಂದರೆ ಮುಂದಿನ ಮಾತು ಎಂದ.

ತಿಮ್ಮಪ್ಪ ನಲ್ಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ನೀರು ಸುಮ್ಮನೆ ಸುರಿಯುತ್ತಿತ್ತು.

"ನಾ ಮೇಲೆ ಗಂಡು ಅಂತ ಬರ್ದೆ, ಕೆಳಗೆ ಗಂಡಸು ಅಂತ ಬರ್ದೆ ಮಾರಾಯ. ಅದು ಬೇರೆ ಬೇರೆ ಆಗೋಯ್ತಾ? ಒಂದಕ್ಷರಕ್ಕೆ ನನ್ನ ಮದ್ವೆ ಮುರೂದಾ?" ಅವನು ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. "ನೀ ಆ ಹಾಳೆ ಕೊಟ್ಟ ಮೇಡಮ್ಮರ ಹತ್ರ ಹೇಳು. ನಿನ್ನ ಮಾತು ಕೇಳ್ತ್ರು."

ಆ ಹಾಳೆ ನಿಂದಲ್ಲ ಎನ್ನುವ ಮಾತು ಸಂತೋಷನ ಹಲ್ಲಿನ ತನಕ ಬಂದು ನಿಂತಿತು. "ಹೇಳ್ತೆ" ಎಂದಷ್ಟೇ ಹೇಳಿದ.

ಸಮೀಕ್ಷೆ ಮಾಡಿಸಿದ ಅಮಿತಾ ಮೇಡಂ ದೊಡ್ಡ ಆಫೀಸಿನಿಂದ ಬಂದವರು. ಸೆಖೆಗೆ ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗಿನ ಮೇಜಿನಲ್ಲಿ ದೇವಪ್ಪ ಬಿಲ್ಲುಗಳಿಗೆ ಪಿನ್ನು ಹೊಡೆಯುತ್ತಿದ್ದ.

"ಆ ಒಂದು ಕಾಗದ ತಪ್ಪು ಮೇಡಂ. ಮೇಲೆ ಗಂಡು, ಕೆಳಗೆ ಗಂಡಸು ಅಂತ ಬರ್ದದ್ದು. ತೆಗೀರಿ."

"ತಪ್ಪೇನಿಲ್ಲ. ಗಂಡಸು ಅಂತ ಬರೆದದ್ದನ್ನು ಗಂಡು ಅಂತಲೇ ಎಣಿಸಿದ್ದೇವೆ. ಗೋಡೆ ಮೇಲಿರೋ ಆ ಒಬ್ಬರದು ಬೇರೆ ಕಾಗದ." ಅವರ ಮುಖ ಅರಳಿತು. "ಆ ಒಬ್ಬರಿಂದ ಹೊರದೇಶದವರ ಹತ್ತಿರ ನಮಗೆ ಎಷ್ಟು ಒಳ್ಳೆ ಹೆಸರು ಬಂತು ಗೊತ್ತಾ? ಯಾರು ಅಂತ ನಾನು ಕೇಳೋದೂ ಇಲ್ಲ."

"ತಿಮ್ಮಪ್ಪನ ಮದ್ವೆ ಮುರಿತಾ ಉಂಟು."

"ಅವರಲ್ಲ ಅಂತ ನಾನು ಹೇಳಿದರೆ ಇನ್ನೊಬ್ಬರನ್ನು ಹುಡುಕುತ್ತಾರೆ, ಅಲ್ವಾ?"

ಅದು ನಿಜವಾಗಿತ್ತು. ಸಂತೋಷ ಮೇಜಿನ ಮೇಲಿದ್ದ ಖಾಲಿ ಹಾಳೆಯೊಂದನ್ನು ಎಳೆದುಕೊಂಡ.

"ಅದು ನಂದು."

ಹೊರಗೆ ದೇವಪ್ಪ ಪಿನ್ನು ಹೊಡೆಯುವ ಸದ್ದು ನಿಂತಿತು.

"ಇದ್ರಲ್ಲಿ ಬೇರೆ ಬರ್ದು ಕೊಡ್ತೆ ಮೇಡಂ. ಮೇಲೆ ಗಂಡು, ಕೆಳಗೆ ಸದರಿ. ಎಲ್ಲರ ಹಾಂಗೇ. ಹಳೇದು ಹರ್ದು ಇದನ್ನ ಹಾಕಿ, ಒಬ್ಬರೂ ಇಲ್ಲ ಅಂತ ಅಂಟಿಸಿ. ನಿಮ್ಮ ಕಾಲಿಗೆ ಬೀಳ್ತೆ."

"ತಮಾ, ಐಸ್ ಖಾಲಿ ಆತು! ಎಲ್ಲೋದೆ?" ಶೆಡ್ಡಿನಿಂದ ಮಾಸ್ತಮ್ಮ ಕೂಗಿದಳು.

ಅವನು ಹಾಳೆಯನ್ನು ಇನ್ನೂ ಒತ್ತಿ ಹಿಡಿದ. ಅಮಿತಾ ಅವನ ಬೆರಳುಗಳಡಿಯಿಂದ ಹಾಳೆಯನ್ನು ಮೆಲ್ಲಗೆ ಬಿಡಿಸಿಕೊಂಡರು, ಮಡಚಿದರು.

"ಇಲ್ಲ ಸಂತೋಷ. ನೀವು ಮೊದಲು ಬರೆದದ್ದನ್ನು ನಾನು ಹರಿಯೋದಿಲ್ಲ."